ಐಸ್ ಖಾಲಿ ಇರುವ ದಿನಗಳು

1996ರಲ್ಲಿ ನಾನು ವರ್ಜೀನಿಯಾದ ಶ್ಯಾಂಟಿಲಿಯ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಷೆಡ್ಯೂಲಿಂಗ್ ಅನಲಿಸ್ಟ್ ಆಗಿದ್ದೆ. ಆಸ್ಪತ್ರೆಯ ನರ್ಸುಗಳಿಗೆ, ವಿಮಾನದ ಸಿಬ್ಬಂದಿಗೆ ಕಂಪ್ಯೂಟರಿನಿಂದ ಪಾಳಿ ಹಾಕಿಕೊಡುವುದು ನಮ್ಮ ಕೆಲಸ. ಆ ವಸಂತದಲ್ಲಿ ನಮ್ಮ ಬಾಸ್ ಡೆನಿಸ್ ಎಲ್ಲಿಂದಲೋ ಒಂದು ಹೊಸ ಕೆಲಸ ಹಿಡಿದು ತಂದರು: ಸ್ವಿಟ್ಜರ್ಲೆಂಡಿನ ವೃತ್ತಿಪರ ಐಸ್ ಹಾಕಿ ಲೀಗ್‌ನ ಮುಂದಿನ ಸೀಸನ್ನಿಗೆ ವೇಳಾಪಟ್ಟಿ. ನಾನು ಮೈಸೂರಿನವಳು. ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿಗೆ ಹಾಕುವ ವಸ್ತು ಎಂದುಕೊಂಡಿದ್ದವಳಿಗೆ ಈ ಕೆಲಸ ಬಿತ್ತು.

ಹತ್ತು ತಂಡಗಳು. ಪ್ರತಿ ತಂಡವೂ ಉಳಿದವರೊಡನೆ ಕೆಲವು ಸಲ ತನ್ನೂರಿನಲ್ಲಿ, ಕೆಲವು ಸಲ ಎದುರಾಳಿಯ ಊರಿನಲ್ಲಿ ಆಡಬೇಕು. ಯಾರಿಗೂ ಹೆಚ್ಚು ಪ್ರಯಾಣ ಬೀಳಬಾರದು, ಬಲಿಷ್ಠ ತಂಡಗಳು ಒಂದರ ಹಿಂದೊಂದು ಎದುರಾಗಬಾರದು. ಅದುವರೆಗೆ ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದವರು ಲೀಗ್‌ನ ಕಾರ್ಯದರ್ಶಿ ಉರ್ಸ್. ಕಂಪ್ಯೂಟರಿಗೆ ಒಪ್ಪಿಸೋಣ ಎಂದು ಕ್ಲಬ್ಬುಗಳೊಡನೆ ಜಗಳವಾಡಿ ಒಪ್ಪಿಸಿದವರೂ ಅವರೇ. ಮೇ ತಿಂಗಳ ಸಭೆಯಲ್ಲಿ ಹತ್ತೂ ಕ್ಲಬ್ಬುಗಳು ಕೈ ಎತ್ತಿದರೆ ಮಾತ್ರ ನಮ್ಮ ಪಟ್ಟಿ ಜಾರಿಗೆ ಬರುತ್ತಿತ್ತು.

ಡೆನಿಸ್ ಮುಚ್ಚುಮರೆಯಿಲ್ಲದೆ ಹೇಳಿದರು. ಇದು ಕೈತಪ್ಪಿದರೆ ನನ್ನ ಹುದ್ದೆಯೂ ಹೋಗುತ್ತದೆ. ವರ್ಕ್ ವೀಸಾದಲ್ಲಿದ್ದವಳಿಗೆ ಹುದ್ದೆ ಹೋದರೆ ದೇಶವನ್ನೇ ಬಿಡಬೇಕು. ನನಗೆ ಭಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಸೋತು ಗಂಟುಮೂಟೆ ಕಟ್ಟುವುದೇ ಎಂದು ರೋಷ ಬಂದಿತ್ತು.

ಮೊದಲ ಪಟ್ಟಿ ನೋಡಲು ಬಲು ಚೆಂದವಿತ್ತು. ಯಾರೊಡನೆ ಯಾರು ಎಂಬುದನ್ನು ನ್ಯಾಯವಾಗಿ ಹಂಚಿ, ಪ್ರಯಾಣವನ್ನು ಕನಿಷ್ಠಕ್ಕೆ ಇಳಿಸಿದ್ದೆ. ಉರ್ಸ್ ಅವರಿಂದ ಬಂದ ಫ್ಯಾಕ್ಸ್ ನನ್ನ ಹೆಮ್ಮೆಯ ಗಾಳಿ ತೆಗೆಯಿತು. ಒಂದೂರಿನ ರಿಂಕ್‌ನಲ್ಲಿ, ಅಂದರೆ ಆಟದ ಐಸ್ ಅಂಗಳದಲ್ಲಿ, ನಾನು ಪಂದ್ಯವಿಟ್ಟ ಶನಿವಾರ ಸರ್ಕಸ್. ಇನ್ನೊಂದು ಕಡೆ ವಸ್ತುಪ್ರದರ್ಶನ. ಬೆಟ್ಟದ ಮೇಲಿನ ಊರಿನಲ್ಲಂತೂ ಕೆಲವು ಸಂಜೆಗಳು ಊರ ಮಕ್ಕಳ ಸ್ಕೇಟಿಂಗಿಗೆ ಮೀಸಲು. ಅದನ್ನು ಮುಟ್ಟಿದರೆ ಊರೇ ತಿರುಗಿ ಬೀಳುತ್ತದೆ. ಅಂಥ ಪಂದ್ಯಗಳನ್ನು ಬೇರೆ ದಿನಕ್ಕೆ ಸರಿಸಿದೆ. ಒಂದು ಸರಿಸಿದರೆ ಮೂರು ಕೆಡುತ್ತಿದ್ದವು. ಹೀಗೆ ತೇಪೆ ಹಾಕುತ್ತಲೇ ಏಪ್ರಿಲ್ ಅರ್ಧ ಕಳೆಯಿತು.

ಆ ಭಾನುವಾರ ಶಾಂತಾ ಆಂಟಿಯ ಮನೆಯಲ್ಲಿ ನಮ್ಮ ಕನ್ನಡ ಬಳಗದ ಮೀಟಿಂಗ್. ಆಂಟಿ ಬಳಗದ ಸೆಕ್ರೆಟರಿ. ಬಳಗದ ಕಾರ್ಯಕ್ರಮಗಳೆಲ್ಲ ಅವರ ಬೆರಳ ತುದಿಯಲ್ಲಿ. ಆಗಷ್ಟೇ ಬೆಂಗಳೂರಿನಿಂದ ಬಂದಿದ್ದ ಮಧು ಎಂಬ ಹುಡುಗನಿಗೆ ನಮ್ಮ ಯುಗಾದಿ ಮೇ ತಿಂಗಳಲ್ಲಿ ಎಂದು ಕೇಳಿ ತಲೆ ಕೆಟ್ಟಿತ್ತು.

“ಏನ್ ಆಂಟಿ ಇದು, ಯುಗಾದಿ ಮುಗ್ದು ತಿಂಗಳಾಯ್ತಲ್ಲ! ಡೇಟ್ ಫಿಕ್ಸ್ ಮಾಡಿ ಆಮೇಲೆ ಹಾಲ್ ಹುಡುಕ್ಬೇಕಿತ್ತು.”

“ಹಾಗೆ ಹುಡ್ಕಿ ಹುಡ್ಕಿ ಎರಡು ವರ್ಷ ಹಬ್ಬಾನೇ ಕ್ಯಾನ್ಸಲ್ ಆಯ್ತಪ್ಪ,” ಎಂದರು ಆಂಟಿ. “ಈಗ ಫಸ್ಟು ಸ್ಕೂಲಿನವ್ರನ್ನ ಆಡಿಟೋರಿಯಂ ಯಾವತ್ತು ಖಾಲಿ ಇದೆ ಅಂತ ಕೇಳ್ತೀನಿ. ಹಾಲ್ ಬುಕ್ ಮಾಡ್ತೀನಿ. ಯಾವ ಹಬ್ಬ, ಯಾರ ಡ್ಯಾನ್ಸು, ಅದೆಲ್ಲ ಆಮೇಲೆ ಕೂರಿಸ್ಕೊಂಡ್ರಾಯ್ತು.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ತಿಂಗಳಿಂದ ನಾನು ಮಾಡುತ್ತಿದ್ದದ್ದು ಮಧುವಿನ ಲೆಕ್ಕವನ್ನೇ. ಯಾರೊಡನೆ ಯಾರು ಎಂದು ಮೊದಲು ಬರೆದು, ಆಮೇಲೆ ಜಾಗ ಹುಡುಕುತ್ತಿದ್ದೆ!

“ಎಲ್ಲಿಗೆ ಹೊರಟ್ಯೇ? ಊಟ ಮಾಡ್ಕೊಂಡು ಹೋಗು!” ಎಂದು ಆಂಟಿ ಬಾಗಿಲ ತನಕ ಬಂದರು. “ಆಫೀಸಿಗೆ ಆಂಟಿ, ಡಬ್ಬಿಗೆ ಹಾಕ್ಕೊಡಿ,” ಎಂದೆ.

ಮರುದಿನ ಉರ್ಸ್ ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಯಾವ ಊರಿನ ಐಸ್ ಯಾವ ದಿನ ಖಾಲಿ ಇಲ್ಲ? ಅವರು ಹತ್ತೂ ಕ್ಲಬ್ಬುಗಳಿಂದ ಕೇಳಿ ತಿಳಿಸಿದರು. ಎದುರಾಳಿಗಳ ಮಾತನ್ನೇ ಬದಿಗಿಟ್ಟು, ಪ್ರತಿ ತಂಡಕ್ಕೂ ಇಂಥ ದಿನ ತನ್ನೂರಿನಲ್ಲಿ, ಇಂಥ ದಿನ ಹೊರಗೆ ಎಂದಷ್ಟೇ ಮೊದಲು ಗೊತ್ತು ಮಾಡಿದೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಹೋಮ್-ಅವೇ ಪ್ಯಾಟರ್ನ್ ಎನ್ನುತ್ತಾರೆ. ಆಮೇಲೆ ಅದರೊಳಗೆ ಎದುರಾಳಿಗಳನ್ನು ಕೂರಿಸುವ ಕೆಲಸವನ್ನು ಪ್ರೋಗ್ರಾಮಿಗೆ ಬಿಟ್ಟೆ. ಪ್ರಯಾಣ ತುಸು ಹೆಚ್ಚಾಯಿತು. ಆದರೆ ಪಟ್ಟಿ ಪೂರ್ತಿ ಕೂತಿತು, ಎಲ್ಲೂ ತೇಪೆಯಿರಲಿಲ್ಲ.

ಸಭೆಯ ದಿನ ಡೆನಿಸ್ ಕೋಣೆಯಲ್ಲಿ ಸ್ಪೀಕರ್ ಫೋನಿನ ಮುಂದೆ ಕುಳಿತೆವು. ಪ್ರಯಾಣ ಹೆಚ್ಚಾಯಿತೆಂದು ದೊಡ್ಡ ನಗರದ ಕ್ಲಬ್ಬೊಂದು ಗೊಣಗಿತು. ಎಲ್ಲರಿಗಿಂತ ಹಟಮಾರಿ ಎಂದು ಹೆಸರಾಗಿದ್ದವರು ಬೆಟ್ಟದೂರಿನ ಕ್ಲಬ್ಬಿನ ಅಧ್ಯಕ್ಷರು. ಅವರು ಜರ್ಮನ್‌ನಲ್ಲಿ ಏನೋ ದೀರ್ಘವಾಗಿ ಹೇಳಿದರು. ಉರ್ಸ್ ಇಂಗ್ಲಿಷಿನಲ್ಲಿ ತಿಳಿಸಿದರು: “ನಮ್ಮ ಮಕ್ಕಳ ಸಂಜೆಗಳನ್ನು ಮುಟ್ಟದ ಪಟ್ಟಿ ಇದೇ ಮೊದಲು, ನಾನು ಕೈ ಎತ್ತುತ್ತೇನೆ ಅಂತಿದ್ದಾರೆ.” ಒಬ್ಬೊಬ್ಬರಾಗಿ ಹತ್ತೂ ಕೈಗಳು ಎದ್ದವೆಂದು ಉರ್ಸ್ ಎಣಿಸಿ ಹೇಳಿದರು. ಡೆನಿಸ್ ಮೇಜು ಗುದ್ದಿ ಕೂಗಿದರು. ನಾನೂ ಕೂಗಿದೆ, ಅದೂ ಕನ್ನಡದಲ್ಲಿ.

ಸೆಪ್ಟೆಂಬರಿನಲ್ಲಿ ಸೀಸನ್ ಶುರುವಾದ ದಿನ ಮಧ್ಯಾಹ್ನ ನನ್ನ ಮೇಜಿನ ಫೋನ್ ರಿಂಗಾಯಿತು. ಅಲ್ಲಿ ಆಗ ಸಂಜೆ. ಬೆಟ್ಟದೂರಿನ ರಿಂಕ್‌ನಿಂದ ಉರ್ಸ್ “ಕೇಳಿ” ಎಂದಷ್ಟೇ ಹೇಳಿ ರಿಸೀವರನ್ನು ಆಟದ ಕಡೆಗೆ ಹಿಡಿದರು. ಡೋಲು, ಗಂಟೆ, ಊರಿಗೆ ಊರೇ ಅರಚುವ ಸದ್ದು. ಅದುವರೆಗೆ ನಾನು ಒಂದೂ ಐಸ್ ಹಾಕಿ ಪಂದ್ಯ ನೋಡಿರಲಿಲ್ಲ, ಆದರೂ ಕಣ್ಣು ತುಂಬಿ ಬಂತು.

ಆಮೇಲೆ ಎಷ್ಟೋ ಪಟ್ಟಿಗಳನ್ನು ಮಾಡಿದೆ. ಎಲ್ಲಿ ಹೋದರೂ, ನಿಮಗೇನು ಬೇಕು ಎಂದು ಕೇಳುವ ಮೊದಲು, ನಿಮಗೆ ಯಾವ ದಿನ ಆಗುವುದಿಲ್ಲ ಎಂದು ಕೇಳುತ್ತೇನೆ. ಆ ಪ್ರಶ್ನೆ ಕೇಳಿದೊಡನೆ ಎದುರಿಗಿರುವವರು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.