ಅತಿ ಕೆಟ್ಟ ಸಿನಿಮಾದ ಮುಕದ್ದಮೆ

ಒಳ್ಳೆಯ ಸಿನಿಮಾಗಳ ಕಥೆ ನನಗೆ ನೆನಪಿರುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯೇ. ತಿಳಿದವರು ನಾಲ್ಕು ಜನ ಕೂತು ಯಾವುದೋ ದೊಡ್ಡ ಚಿತ್ರದ ಬೆಳಕು, ಮೌನ, ಅಭಿನಯ ಎಂದೆಲ್ಲ ಮಾತಾಡುವಾಗ ನಾನೂ ತಲೆಯಾಡಿಸುತ್ತೇನೆ. ಆ ಚಿತ್ರ ನೋಡಿದ್ದು ನಿಜ, ಕಣ್ಣಲ್ಲಿ ನೀರು ಬಂದದ್ದೂ ನಿಜ. ಆದರೆ ಕೊನೆಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಬೆಬ್ಬೆಬ್ಬೆ ಅನ್ನುತ್ತೇನೆ. ಕೆಟ್ಟ ಸಿನಿಮಾಗಳ ವಿಷಯ ಹಾಗಲ್ಲ. ಅವು ನನ್ನೊಳಗೆ ಕಾಯಂ ಬಿಡಾರ ಹೂಡಿವೆ. ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ, ನಿದ್ದೆ ಇನ್ನೂ ಬಂದಿಲ್ಲ, ಎಚ್ಚರ ಇನ್ನೂ ಹೋಗಿಲ್ಲ ಎನ್ನುವ ಹೊತ್ತಿನಲ್ಲಿ ಒಂದೊಂದಾಗಿ ಬರುತ್ತವೆ. ಗಡ್ಡ ಜಾರಿದ ಋಷಿ ಬರುತ್ತಾನೆ. ಯುದ್ಧ ಬಿಟ್ಟು ಹುಲ್ಲಿಗೆ ಬಾಯಿ ಹಾಕಿದ ಕುದುರೆ ಬರುತ್ತದೆ. ಸತ್ತು ಬಿದ್ದ ಮೇಲೆ ಮೊಣಕಾಲು ಕೆರೆದುಕೊಂಡ ಸೈನಿಕ ಬರುತ್ತಾನೆ. ಎಲ್ಲರೂ ನನ್ನನ್ನು ನೋಡಿ ಗುರುತಿನ ನಗೆ ನಗುತ್ತಾರೆ.

ನಮ್ಮ ಹಿಂದಿನ ಅಲಂಕಾರಶಾಸ್ತ್ರದ ಪಂಡಿತರು ಕಾವ್ಯದ ಗುಣಗಳ ಜೊತೆಗೆ ದೋಷಗಳನ್ನೂ ಬಹಳ ವಿಸ್ತಾರವಾಗಿ ಹೇಳಿದ್ದಾರೆ. ಗುಣದ ಮಾತು ಬಂದಾಗ ಅವರು ಗಂಭೀರ. ದೋಷಕ್ಕೆ ಬಂದರೋ, ಉದಾಹರಣೆಯ ಮೇಲೆ ಉದಾಹರಣೆ, ಉತ್ಸಾಹವೋ ಉತ್ಸಾಹ. ಆ ಮಹನೀಯರೂ ಸಂಜೆ ಯಾವುದೋ ಕಟ್ಟೆಯ ಮೇಲೆ ಕೂತು, ಲೋಕದಲ್ಲೆಲ್ಲ ಅತಿ ಕೆಟ್ಟ ಪದ್ಯ ಯಾವುದು ಎಂದು ಜಗಳಾಡಿರಬೇಕು ಎಂದು ನನಗೆ ಬಲವಾದ ಗುಮಾನಿ. ನಾವು ಮಾಡುತ್ತಿದ್ದುದೂ ಅದನ್ನೇ. ಕಟ್ಟೆಯ ಬದಲು ಬೀದರದ ಚೌಬಾರಾ ಗೋಪುರದ ಹತ್ತಿರ ಒಂದು ಚಹಾದಂಗಡಿ, ಪದ್ಯದ ಬದಲು ಸಿನಿಮಾ, ಅಷ್ಟೇ ವ್ಯತ್ಯಾಸ.

ನಾವು ಎಂದರೆ ಮೂವರು. ಮೂವರೂ ಅದಾಲತ್ತಿನಲ್ಲಿ ನಕಲು ಬರೆಯುವ ಗುಮಾಸ್ತರು. ನಾನು ಭಾಲ್ಕಿಯವನು, ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಕಲಿತದ್ದು ಉರ್ದು. ಹೀಗಾಗಿ ತಾಯಿಯೊಡನೆ ಜಗಳವಾಡಲು ಒಂದು ಭಾಷೆ, ಅದನ್ನು ಅರ್ಜಿಯಲ್ಲಿ ಬರೆಯಲು ಇನ್ನೊಂದು. ಎರಡನೆಯವನು ದೇವರಾವ, ಔರಾದ ತಾಲೂಕಿನ ಎಕಂಬಾದವನು. ಅವನ ಮನೆಮಾತು ಮರಾಠಿ. ಮೂರನೆಯವರು ಖಾಜಾ ಮಿಯಾ. ಬೀದರ ಶಹರದಲ್ಲೇ ಹುಟ್ಟಿ ಬೆಳೆದವರು, ದಖನಿ ಉರ್ದು ಮಾತಾಡುವವರು, ಕನ್ನಡವೆಂದರೆ ಬಜಾರಿನಲ್ಲಿ ಬದನೆಕಾಯಿ ಕೊಳ್ಳುವಷ್ಟು. ನಮ್ಮಿಬ್ಬರಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವರು. ನಮ್ಮ ಮೂವರ ಮಾತೆಲ್ಲ ನಡೆಯುತ್ತಿದ್ದುದು ದಖನಿಯಲ್ಲೇ, ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ.

ದಿನವೆಲ್ಲ ಅದಾಲತ್ತಿನ ಕಾಗದ ಬರೆದವರು ಸಂಜೆ ಬೇರೆ ರೀತಿ ಮಾತಾಡುವುದಾದರೂ ಹೇಗೆ? ಸಿನಿಮಾದ ಮೇಲೆ ಮುಕದ್ದಮೆ ಹೂಡುತ್ತಿದ್ದೆವು. ಒಬ್ಬ ಫಿರ್ಯಾದಿ, ಒಬ್ಬ ವಕೀಲ, ಒಬ್ಬ ನ್ಯಾಯಾಧೀಶ. ಅತಿ ಕೆಟ್ಟ ಚಿತ್ರವೆಂದು ಸಾಬೀತು ಮಾಡುವವನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿರಬೇಕು. ಅರ್ಧಕ್ಕೆ ಎದ್ದು ಬಂದವನ ಗವಾಹಿ, ಅಂದರೆ ಸಾಕ್ಷಿ, ನಡೆಯುತ್ತಿರಲಿಲ್ಲ. ಈ ಕಾನೂನು ಮಾಡಿದವರು ಖಾಜಾ ಮಿಯಾ. "ಪೂರಾ ತ್ರಾಸ ತಗೊಂಡವಂಗೇ ಬೈಲಾಕ ಹಕ್ಕದ ರೀ," ಅನ್ನುತ್ತಿದ್ದರು.

ದೇವರಾವನ ಮುಕದ್ದಮೆ ಬಹಳ ದಿನ ಮೊದಲ ಸ್ಥಾನದಲ್ಲಿತ್ತು. ಔರಾದದ ತಂಬು ಟಾಕೀಸಿನಲ್ಲಿ ಒಬ್ಬ ಸಂತನ ಮರಾಠಿ ಸಿನಿಮಾ. ರೀಲುಗಳು ಹಿಂದುಮುಂದಾಗಿ ಸಂತ ಮೊದಲು ವಿಮಾನ ಹತ್ತಿ ಸ್ವರ್ಗಕ್ಕೆ ಹೋದ, ಆಮೇಲೆ ಲಗ್ನವಾದ, ಕೊನೆಗೆ ತೊಟ್ಟಿಲಲ್ಲಿ ಅಳುತ್ತಿದ್ದ. ಹತ್ತಿರದ ಡಾಬಕಾ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಮಂದಿ ಒಂದು ಚೂರೂ ಗಲಾಟೆ ಮಾಡದೆ, ಸ್ವರ್ಗದಿಂದ ತಿರುಗಿ ಬಂದವನ ಮಹಿಮೆಗೆ ಕೈಮುಗಿದು ಕಾಯಿ ಒಡೆದು ಹೋದರಂತೆ. ನನ್ನನ್ನು ಕೇಳಿದರೆ ಅದು ಕೆಟ್ಟ ಸಿನಿಮಾವೇ ಅಲ್ಲ. ಮುಪ್ಪಿನಿಂದ ತೊಟ್ಟಿಲ ಕಡೆಗೆ ನಡೆಯುವ ಜೀವನ ಯಾರಿಗೆ ಬೇಡ?

ನನ್ನ ಮುಕದ್ದಮೆಯ ಗತಿ ಮಾತ್ರ ಮೂರಾಬಟ್ಟೆಯಾಯಿತು. ಭಾಲ್ಕಿಯಲ್ಲಿ ನೋಡಿದ ಒಂದು ಹಿಂದಿ ಚಿತ್ರದ ಬಗ್ಗೆ ಅರ್ಧ ಗಂಟೆ ವಾದಿಸಿದೆ. ಅದರಲ್ಲಿ ನಾಯಕಿ ದೋಣಿ ಹತ್ತಿ ಮೋಡಗಳ ನಡುವೆ ಹೋಗುತ್ತಾಳೆ, ಮೋಡದಲ್ಲಿ ಅವಳ ಅಜ್ಜಿ ರೊಟ್ಟಿ ಬಡಿಯುತ್ತಿರುತ್ತಾಳೆ ಎಂದೆ. ಅದೇ ಚಿತ್ರ ನೋಡಿದ್ದ ದೇವರಾವ ಚಹಾದ ಬಟ್ಟಲು ಕೆಳಗಿಟ್ಟು, ಅದರಲ್ಲಿ ದೋಣಿಯೂ ಇಲ್ಲ, ಅಜ್ಜಿಯೂ ಇಲ್ಲ ಎಂದ. ಯೋಚಿಸಿ ನೋಡಿದರೆ ನಾನು ನಡುವೆ ನಿದ್ದೆ ಹೋಗಿದ್ದೆ. ರೊಟ್ಟಿ ಬಡಿಯುತ್ತಿದ್ದವಳು ನನ್ನ ಅಜ್ಜಿ. ಖಾಜಾ ಮಿಯಾ ನ್ಯಾಯಾಧೀಶರಾಗಿದ್ದರು. ಮುಕದ್ದಮೆ ಖಾರಿಜು ಮಾಡಿ, ಸಿನಿಮಾಕ್ಕಿಂತ ನನ್ನ ಕನಸೇ ಚೆನ್ನಾಗಿದೆ ಎಂದು ಒಂದು ಬಟ್ಟಲು ಚಹಾ ಕುಡಿಸಿದರು.

ಅವರು ಮಾತ್ರ ತಮ್ಮ ಭಾಷೆಯ ಚಿತ್ರಗಳ ಮೇಲೆ ಕರುಣೆ ತೋರಿದವರಲ್ಲ. ಉರ್ದು ಸಂಭಾಷಣೆಯಲ್ಲಿ ಒಂದು ಸುಳ್ಳು ಭಾವನೆ ಬಂದರೆ ಮುಖಕ್ಕೆ ಸುಣ್ಣ ಹೊಡೆದವರಂತೆ ಆಗಿಬಿಡುತ್ತಿದ್ದರು. ಬೈಗುಳಕ್ಕೆ ಶುರುವಿಟ್ಟರೆ ಅಂಗಡಿಯವನು ಒಲೆ ಸಣ್ಣ ಮಾಡಿ ಕೇಳುತ್ತ ನಿಲ್ಲುತ್ತಿದ್ದ.

ಇಂಥ ದಿನಗಳಲ್ಲಿ ನಮ್ಮ ಹೈದರಾಬಾದ ರಾಜ್ಯವನ್ನು ಮೂರು ಭಾಗ ಮಾಡಿ ನಮ್ಮನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಊರು ಇದ್ದಲ್ಲೇ ಇತ್ತು. ಕೋಟೆಯ ಮೇಲಿನ ಗಾಳಿ ಮೊದಲಿನಂತೆಯೇ ಬೀಸುತ್ತಿತ್ತು. ಆದರೆ ಬೆಳಿಗ್ಗೆ ಎದ್ದಾಗ ನಮಗೆ ಬೇರೊಂದು ರಾಜಧಾನಿ ಇತ್ತು. ಅದು ಎಷ್ಟು ದೂರ ಎಂಬುದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲವು ವಾರಗಳಲ್ಲಿ ಕಚೇರಿಯಿಂದ ಒಂದೊಂದು ಕಾಗದ ಬಂತು: ಇಲ್ಲೇ ಉಳಿಯುತ್ತೀರೋ, ಹೈದರಾಬಾದಿನ ಕಡೆ ಹೋಗುತ್ತೀರೋ, ಬರೆದು ತಿಳಿಸಿ.

ದೇವರಾವ ಅದೇ ದಿನ ಬರೆದುಕೊಟ್ಟ. ಎಕಂಬಾದ ಹೊಲ ಎಲ್ಲಿದೆಯೋ ಅವನೂ ಅಲ್ಲಿ. ನನ್ನದೂ ಹಾಗೆಯೇ. ಖಾಜಾ ಮಿಯಾ ಮಾತ್ರ ಕಾಗದವನ್ನು ಮಡಿಸಿ ಶೇರವಾನಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಅವರ ಅಣ್ಣ ಹೈದರಾಬಾದಿನಲ್ಲಿದ್ದ. ಬಂದುಬಿಡು, ಅಲ್ಲಿ ಇನ್ನು ನಿನ್ನ ಅಕ್ಷರಕ್ಕೆ ಬೆಲೆಯಿಲ್ಲ ಎಂದು ಬರೆಯುತ್ತಿದ್ದ. ಇನ್ನು ಮುಂದೆ ಕಚೇರಿಯ ಕೆಲಸ ಕನ್ನಡದಲ್ಲಿ ಎಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ಇಡೀ ಅದಾಲತ್ತಿನಲ್ಲಿ ಅಷ್ಟು ಚಂದ ಉರ್ದು ಬರೆಯುತ್ತಿದ್ದ ಮನುಷ್ಯ ಒಂದನೇ ಇಯತ್ತೆಯ ಹುಡುಗನ ಹಾಗೆ ಅ ಆ ತಿದ್ದಬೇಕಾಗಿತ್ತು.

ಹೋಗಬೇಡಿ ಎಂದು ನಾನು ಹೇಳಬೇಕಿತ್ತು. ನಾಲಿಗೆಯ ತುದಿಗೆ ಎಷ್ಟು ಸಲ ಬಂದಿತ್ತೋ. ಆದರೆ ನಕಲು ಗುಮಾಸ್ತನಿಗೆ ಬೇರೆಯವರು ಹೇಳಿದ್ದನ್ನು ಬರೆದು ರೂಢಿ. ತನ್ನ ಮಾತನ್ನು ತಾನೇ ಹೇಳುವುದು ಬಾರದು. ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ, ನೀವಿಲ್ಲದಿದ್ದರೆ ನನಗೆ ಬೇಸರವಾಗುತ್ತದೆ ಎನ್ನುವುದಕ್ಕೆ ನಮ್ಮ ಕಡೆ ಮಾತೇ ಇರಲಿಲ್ಲ. ಬರೀ "ಚಹಾ ಕುಡೀತೀರೇನ್ರಿ?" ಅನ್ನುತ್ತಿದ್ದೆ.

ಆಗಲೇ ಬೀದರಕ್ಕೆ ಒಂದು ಕನ್ನಡ ಸಿನಿಮಾ ಬಂತು. ಅದರ ಹೆಸರು ಹೇಳುವುದಿಲ್ಲ, ತೆಗೆದವರ ಮೊಮ್ಮಕ್ಕಳು ಎಲ್ಲಾದರೂ ಸುಖವಾಗಿರಬಹುದು. ನನಗೆ ದೇವರೇ ಕಳಿಸಿದಂತಾಯಿತು. ಕನ್ನಡ ಎಷ್ಟು ಸವಿ ಎಂದು ಖಾಜಾ ಮಿಯಾ ಒಂದು ಸಲ ಕೇಳಿದರೆ ಸಾಕು, ಕಾಗದದ ಮೇಲೆ ಏನು ಬರೆಯಬೇಕೆಂದು ಅವರಿಗೇ ಹೊಳೆಯುತ್ತದೆ. ರವಿವಾರ ಮಧ್ಯಾಹ್ನದ ಆಟಕ್ಕೆ ಅವರನ್ನು ಎಳೆದುಕೊಂಡು ಹೋದೆ.

ತಗಡಿನ ಟಾಕೀಸು. ಮೇಲಿನ ತೂತುಗಳಿಂದ ಬಿಸಿಲು ಸಣ್ಣ ಸಣ್ಣ ಕೋಲುಗಳಾಗಿ ಇಳಿದು, ಬೀಡಿಯ ಹೊಗೆಯಲ್ಲಿ ತೇಲಿ, ಪರದೆಯ ಮೇಲೆ ಚುಕ್ಕೆಗಳಾಗುತ್ತಿತ್ತು. ಸಿನಿಮಾದಲ್ಲಿ ಹಗಲಾಗಿದ್ದರೂ ನಕ್ಷತ್ರ. ನಾನು ಆ ಚುಕ್ಕೆಗಳನ್ನೇ ನೋಡುತ್ತ ಹಾಯಾಗಿ ಕೂತಿದ್ದೆ. ಕಥೆ ಶುರುವಾಯಿತು. ಒಬ್ಬ ರಾಜ, ಒಬ್ಬ ರಾಣಿ, ಒಬ್ಬ ಸಿಟ್ಟಿನ ಋಷಿ. ಋಷಿ ಶಾಪ ಕೊಟ್ಟ, ರಾಣಿ ಕಲ್ಲಾದಳು. ಕಲ್ಲು ಉಸಿರಾಡುತ್ತಿತ್ತು. ಮೂಗಿನ ಮೇಲೆ ನೊಣ ಕೂತಾಗ ಕಲ್ಲು ಕಣ್ಣು ಪಿಳುಕಿಸಿತು. ಖಾಜಾ ಮಿಯಾ ನನ್ನ ಕಡೆ ತಿರುಗಿದರು.

"ಅದು ಜೀವಾ ಇರೋ ಕಲ್ಲು ರೀ ಭಾಯಿ. ಶಾಪಾನೇ ಹಂಗ ಅದ," ಎಂದೆ.

ಅಲ್ಲಿಂದ ಮುಂದೆ ನನ್ನ ವಕೀಲಿ ನಿಲ್ಲಲಿಲ್ಲ. ಸಿನಿಮಾದವರದು ಮೈಸೂರಿನ ಕಡೆಯ ಕನ್ನಡ, ಅದರಲ್ಲೂ ಪುಸ್ತಕದ್ದು. ಕೇಳಿಸುತ್ತಿದ್ದುದು ಹರಿದ ಧ್ವನಿವರ್ಧಕದಿಂದ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ನನಗೇ ತಿಳಿಯುತ್ತಿರಲಿಲ್ಲ. ಆದರೂ ಮಾತು ಮಾತಿಗೂ ಅರ್ಥ ಹೇಳಿದೆ. ಅವರು ಒಂದು ಹೇಳಿದರೆ ನಾನು ಹತ್ತು ಹೇಳಿದೆ. ಕೊನೆಯ ಭಾಗದಲ್ಲಿ ಮುದಿ ಮಂತ್ರಿ ಕಾಶಿಗೆ ಹೊರಟು ನಿಲ್ಲುತ್ತಾನೆ, ರಾಜ ಅವನೆದುರು ಬಹಳ ಹೊತ್ತು ಮಾತಾಡುತ್ತಾನೆ. ಒಂದಕ್ಷರ ತಿಳಿಯಲಿಲ್ಲ. ಆ ಅರೆಬೆಳಕಿನಲ್ಲಿ ನನಗೆ ಏನಾಯಿತೋ, ಕನಸಿನಲ್ಲಿ ಮಾತಾಡಿದವನ ಹಾಗೆ ಹೇಳುತ್ತ ಹೋದೆ.

"ರಾಜಾ ಅಂತಾನ: ನೀ ಹೋದ್ರೂ ಈ ಊರು ಇರ್ತದ, ಬಜಾರ ಇರ್ತದ. ಆದ್ರ ಸಂಜಿ ಆದ ಮ್ಯಾಲ ನಾ ಯಾರ ಕೂಡ ಮಾತಾಡ್ಲಿ?"

ಖಾಜಾ ಮಿಯಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಹೊರಗೆ ಬಂದಾಗ ಕೇಳಿದೆ, ಹ್ಯಾಂಗಿತ್ತು? ಅವರು ಟೋಪಿ ಸರಿಮಾಡಿಕೊಂಡು, "ಭಾಳ ಛಲೋ ಅದ ರೀ ಸಂಗಪ್ಪ ಸಾಬ್," ಎಂದರು. ಅಷ್ಟೇ. ನನ್ನ ಜೀವ ಹಾರಿಹೋಯಿತು. ಆ ಮನುಷ್ಯ ಯಾವ ಸಿನಿಮಾವನ್ನೂ ಛಲೋ ಅಂದವರಲ್ಲ. ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನು ಹೊಗಳಿ ಎದ್ದು ಹೋಗುವವರ ಮಾತು ಅದು. ಇವರು ಮನಸ್ಸಿನಲ್ಲಿ ಆಗಲೇ ಊರು ಬಿಟ್ಟಿದ್ದಾರೆ, ನಾವೀಗ ಅವರಿಗೆ ಪರರು ಎಂದುಕೊಂಡೆ. ಮನೆಗೆ ಹೋಗಿ ಊಟ ಬೇಡವೆಂದು ಮಲಗಿದೆ.

ಮುಂದಿನ ಎರಡು ವಾರ ಅವರು ಸಂಜೆ ಚಹಾದಂಗಡಿಗೆ ಬರಲಿಲ್ಲ. ಕಚೇರಿ ಮುಗಿದದ್ದೇ ತಡ ಲಗುಬಗೆಯಿಂದ ಹೊರಟುಬಿಡುತ್ತಿದ್ದರು. ಸಾಮಾನು ಕಟ್ಟುತ್ತಿರಬೇಕು ಎಂದ ದೇವರಾವ. ನಾವಿಬ್ಬರೂ ಒಂದೆರಡು ಮುಕದ್ದಮೆ ಹೂಡಿ ನೋಡಿದೆವು. ನ್ಯಾಯಾಧೀಶರ ಜಾಗ ಖಾಲಿ ಇದ್ದಾಗ ಎಂಥ ಕೆಟ್ಟ ಸಿನಿಮಾಕ್ಕೂ ಸ್ವಾದ ಇರುವುದಿಲ್ಲ.

ಒಂದು ಸಂಜೆ ಬಂದರು. ಕೂರಲಿಲ್ಲ.

"ಮುಕದ್ದಮಾ ಹಾಕ್ಲಾಕ ಬಂದೇನಿ. ದೇವರಾವಜೀ, ಇವತ್ತ ನೀವೇ ಜಡ್ಜ್ ಸಾಬ್."

"ಯಾವ ಸಿನಿಮಾದ ಮ್ಯಾಲ್ರಿ?" ಎಂದ ದೇವರಾವ.

"ಆ ಕನ್ನಡ ಸಿನಿಮಾದ ಮ್ಯಾಲ. ಮತ್ತ ಈ ಸಂಗಪ್ಪ ಸಾಬರ ಮ್ಯಾಲ."

ಜೇಬಿನಿಂದ ಕಾಗದಗಳ ಕಟ್ಟು ತೆಗೆದರು. ಅವರದೇ ಮುತ್ತಿನಂಥ ಉರ್ದು ಅಕ್ಷರ. ಓದಿದರೆ ಕನ್ನಡ ಮಾತು.

"ಇವರ ಕೂಡ ಒಂದ ಸಲ, ಆಮ್ಯಾಲ ಒಬ್ಬನೇ ಮೂರು ಸಲ ನೋಡೇನಿ. ಕತ್ತಲದಾಗ ಕೂತು ಬರಕೊಂಡೇನಿ. ದಿನಾ ಸಂಜಿಗಿ ಕನ್ನಡ ಸಾಲಿ ಮಾಸ್ತರ ಮನಿಗಿ ಹೋಗಿ ಅರ್ಥ ಕೇಳೇನಿ. ಎಂಥಾ ಕೆಟ್ಟ ಸಿನಿಮಾ ರೀ ಅದು! ಋಷಿಗಿ ಶಾಪಾ ಕೊಡ್ಲಾಕ ಒಂದು ಕಾರಣ ಬ್ಯಾಡೇನು? ಕಲ್ಲಂದ ಮ್ಯಾಲ ಕಲ್ಲಿನಂಗ ಇರಬೇಕೋ ಬ್ಯಾಡೋ? ಇಷ್ಟು ಸವಿ ಮಾತು ಅದಾವ ಕನ್ನಡದಾಗ, ಮಾಸ್ತರು ಹೇಳ್ಲಾಕತ್ತಾರ, ಒಂದರೇ ಹಾಕ್ಯಾರೇನು? ನಾ ಕಂಡದ್ದರಾಗ ಇದಕ್ಕಿಂತ ಖರಾಬ ಸಿನಿಮಾ ಇನ್ನೊಂದಿಲ್ಲ."

ಎಷ್ಟು ದಿನವಾಗಿತ್ತು ಆ ದನಿ ಕೇಳಿ! ಅಂಗಡಿಯವನು ಒಲೆ ಸಣ್ಣ ಮಾಡಿದ.

"ಇನ್ನ ಎರಡನೇ ಆರೋಪಿ," ಎಂದು ನನ್ನ ಕಡೆ ತಿರುಗಿದರು. "ಮಂತ್ರಿ ಕಾಶಿಗಿ ಹೊಂಟಾಗ ರಾಜಾ ಏನಂತಾನ ಗೊತ್ತೇನ್ರಿ? ಗಂಗಾಜಲ ತರೂ ತಂಬಿಗಿ ಮುಚ್ಚಳ ಭದ್ರ ಇರ್ಲಿ ಅಂತಾನ. ಐದು ಮಿನಿಟ, ಬರೀ ಮುಚ್ಚಳದ ಮ್ಯಾಲ! ಸಂಜಿ ಆದ ಮ್ಯಾಲ ಯಾರ ಕೂಡ ಮಾತಾಡ್ಲಿ ಅಂತ ಎಲ್ಲೂ ಅಂದಿಲ್ಲ. ಆ ಒಂದು ಮಾತಿನ ಸಲುವಾಗಿ ಮೂರು ಸಲ ಹೋದೆ. ರಾಜಾ ಅಂದಿಲ್ಲ. ಮಂತ್ರಿ ಅಂದಿಲ್ಲ. ಹಂಗಾದ್ರ ಯಾರು ಅಂದ್ರು ರೀ, ಸಂಗಪ್ಪ ಸಾಬ್?"

ನಾನು ಬಟ್ಟಲಿನೊಳಗೆ ನೋಡುತ್ತ ಕೂತೆ. ದೇವರಾವನೂ ಬೇರೆ ಕಡೆ ನೋಡಿದ.

"ಇರ್ಲಿ ಬಿಡ್ರಿ," ಎಂದು ಖಾಜಾ ಮಿಯಾ ಕೊನೆಗೂ ಕೂತರು. "ಆ ಕಾಗದಾ ಬರದ ಕೊಟ್ಟು ಬಂದೇನಿ. ಅಣ್ಣಗೂ ತಿಳಿಸೇನಿ. ಇಂಥಾ ಸಿನಿಮಾ ತೆಗೀಲಾಕ ಹತ್ತಿದ್ರ ಇಲ್ಲಿ ಬೈಲಾಕ ಒಬ್ಬವಾ ಬೇಕಲ್ಲ ರೀ. ನಾ ಎಲ್ಲೂ ಹೋಗಂಗಿಲ್ಲ."

ಸಿನಿಮಾದ ಅಪರಾಧ ಸಾಬೀತಾಯಿತು. ಲೋಕದ ಅತಿ ಕೆಟ್ಟ ಚಿತ್ರ ಅದೇ ಎಂಬ ಫೈಸಲಾ ನಮ್ಮ ಮಟ್ಟಿಗೆ ಇಂದಿಗೂ ಕಾಯಂ. ಎರಡನೇ ಆರೋಪಿಗೂ ಜಡ್ಜ್ ಸಾಹೇಬರು ಶಿಕ್ಷೆ ವಿಧಿಸಿದರು: ಇನ್ನು ಮೇಲೆ ಹೇಳಬೇಕಾದ ಮಾತನ್ನು ರಾಜನ ಬಾಯಿಗೆ ಹಾಕದೆ ನೇರವಾಗಿ ತಾನೇ ಹೇಳತಕ್ಕದ್ದು. ತಲೆಬಾಗಿಸಿ ಒಪ್ಪಿಕೊಂಡೆ. ಆದರೆ ಆ ಶಿಕ್ಷೆಯನ್ನು ನಾನು ಇನ್ನೂ ಅನುಭವಿಸಿ ಮುಗಿಸಿಲ್ಲ. ನೋಡಿ, ಖಾಜಾ ಮಿಯಾ ಎಂದರೆ ನನಗೆ ಪ್ರಾಣ ಎಂದು ಒಂದೇ ಮಾತಿನಲ್ಲಿ ಮುಗಿಸಬೇಕಾದ್ದಕ್ಕೆ ನಿಮ್ಮೆದುರು ಇಷ್ಟೊಂದು ಸಿನಿಮಾ ತೋರಿಸಿದೆ.