ಪ್ಲಾಸ್ಟಿಕ್ ಹೊದ್ದ ಗೀಸರ್

ನಮ್ಮ ಯಜಮಾನರು ನರಸಿಂಹಾಚಾರ್ಯರು ರಾಯಚೂರಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಾವ ಲೆಕ್ಕದಲ್ಲೂ ತಪ್ಪಿದವರಲ್ಲ, ನನ್ನ ಮೊಣಕಾಲೊಂದು ಮಾತ್ರ ಅವರ ಲೆಕ್ಕಕ್ಕೆ ಬರಲಿಲ್ಲ. "ಬಚ್ಚಲ ಒಲಿ ಮುಂದ ಕೂತು ಕಾಲು ಹೋಗ್ಯಾವ, ಗೀಸರ್ ಹಾಕಸ್ರಿ" ಎಂದು ವರ್ಷಗಟ್ಟಲೆ ಗೋಗರೆದೆ.

"ಈ ಬಿಸಿಲೂರಾಗ ಗೀಸರ್ ಯಾತಕ್ಕ?" ಎಂದು ನಗುತ್ತಿದ್ದರು.

ಕಳೆದ ವರ್ಷ ಅವರ ಹುಟ್ಟೂರು ಮಾನ್ವಿಗೆ ಹೋಗಿ ಹಿರಿಯರ ಮನೆಯಲ್ಲಿ ನೆಲೆಸುವುದೆಂದಾಯಿತು. ನನ್ನ ಹೆಸರಿನಲ್ಲಿರುವ ಈ ಮನೆ ಮಾರಬೇಕು. ಆಗ ನೋಡಿ, ಎಲ್ಲಿತ್ತೋ ಧಾರಾಳತನ! ಒಲೆ ಒಡೆಸಿದರು. ಗೀಸರ್ ಬಂತು, ಹೊಳೆಯುವ ನಲ್ಲಿಗಳು ಬಂದವು, ಅಡುಗೆಮನೆಗೆ ಚಿಮಣಿ ಬಂತು. ಕೊಳ್ಳುವವರು ಮೆಚ್ಚಬೇಕಂತೆ. ಕಟ್ಟಿಕೊಂಡವಳು ಕೇಳಿದರೆ ಇಲ್ಲ, ಕಂಡರಿಯದವರಿಗೆ ಉಂಟು! ನನಗೆ ಮೈಯೆಲ್ಲ ಉರಿಯಿತು.

ಬಂದದ್ದನ್ನು ಬಳಸೋಣವೆಂದರೆ ಅದೂ ಇಲ್ಲ. "ಮುಟ್ಟಬ್ಯಾಡ, ಹೊಸಾದು ಹೊಸಾದಾಗೇ ಇರ್ಲಿ" ಎಂದು ಪ್ಲಾಸ್ಟಿಕ್ ಸಹ ತೆಗೆಯಗೊಡಲಿಲ್ಲ. ನಮ್ಮ ಮನೆಯ ಮಡಿಬಟ್ಟೆಗೂ ಇಷ್ಟು ಮಡಿ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ನಾನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನೀರು ಕಾಯಿಸತೊಡಗಿದೆ.

ಶಕ್ತಿನಗರದಿಂದ ಕುಬ್ರಾ ಬೇಗಂ ಎಂಬ ಟೀಚರ್ ಮನೆ ನೋಡಲು ಬಂದರು. ಗೀಸರಿನ ಪ್ಲಾಸ್ಟಿಕ್ ನೋಡಿದರು, ಹಿತ್ತಲಿನ ಮಸಿ ಹಿಡಿದ ಕಲ್ಲುಗಳನ್ನೂ ನೋಡಿದರು.

"ಮನಿ ಮಂದಿನೇ ಬಳಸಂಗಿಲ್ಲ ಅಂದ್ರ ಏನರೆ ಐಬು ಇರಬೇಕಲ್ರೀ?" ಎಂದರು. ನಾಳೆ ಗಂಡನನ್ನು ಕರೆತಂದು ಇನ್ನೊಮ್ಮೆ ನೋಡುವುದಾಗಿ ಹೇಳಿ ಹೊರಟರು.

ಯಜಮಾನರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಮರುದಿನ ಬೆಳಿಗ್ಗೆ ನಾನು ಪ್ಲಾಸ್ಟಿಕ್ ಹರಿದೆಸೆದು, ಗುಂಡಿ ಒತ್ತಿ, ಬಚ್ಚಲ ಬಾಗಿಲು ಹಾಕಿಕೊಂಡೆ. ಮೊಣಕಾಲ ಮೇಲೆ ಬಿಸಿನೀರು ಸುರಿದಾಗ ಸುಖಕ್ಕೋ ಸಿಟ್ಟಿಗೋ, ಅಳು ಬಂತು.

ಹೊರಬಂದಾಗ ಬೇಗಂ ಗಂಡನೊಂದಿಗೆ ನಿಂತಿದ್ದರು. ಬಚ್ಚಲ ತುಂಬ ಹಬೆ, ನೆಲವೆಲ್ಲ ಒದ್ದೆ. ಬೇಗಂ ನಲ್ಲಿಯ ಕೆಳಗೆ ಕೈ ಹಿಡಿದು, "ಈಗ ನೋಡ್ರಿ, ಇದು ಮಂದಿ ಇರೋ ಮನಿ ಅನಸ್ತದ" ಎಂದರು. ಅಲ್ಲೇ ಮಾತು ಕುದುರಿತು.

ಯಜಮಾನರು ಮೀಸೆಯಲ್ಲೇ ನಗುತ್ತ, "ರಿಜಿಸ್ಟ್ರಿಗೆ ಯಾವತ್ತು ಹೋಗೂಣು?" ಎಂದು ಕೇಳಿದರು.

"ಮಾನ್ವಿ ಮನ್ಯಾಗ ಮೊದಲ ಗೀಸರ್ ಕೂಡಸ್ರಿ. ಆಮ್ಯಾಲೆ ನನ್ನ ಸಹಿ."

"ಬಿಸಿಲೂರಾಗ…" ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನೆ ಚಪ್ಪಲಿ ಮೆಟ್ಟಿದರು.

"ಪ್ಲಾಸ್ಟಿಕ್ ಅಂಗಡ್ಯಾಗೇ ಹರದು ಒಗದು ಬರ್ರಿ!" ಎಂದು ಬೀದಿಗೆ ಕೇಳುವಂತೆ ಕೂಗಿದೆ.