ಊರವರ ಕೈ ಹಿಡಿಯುವವಳು

ಕೈ ಹಿಡಿದವಳು ಎಂದರೆ ಕನ್ನಡದಲ್ಲಿ ಹೆಂಡತಿ ಎಂದೇ ಅರ್ಥ. ನನ್ನ ಕೈ ಹಿಡಿದವಳಿಗೆ ಮಾತ್ರ ಊರವರ ಕೈಯನ್ನೆಲ್ಲ ಹಿಡಿಯುವುದೇ ಕೆಲಸ. ಸಾಂತಾಕ್ರೂಜ್‌ನ ಒಂದು ಆಸ್ಪತ್ರೆಯಲ್ಲಿ ಅವಳು ಎಂಡೋಸ್ಕೋಪಿ ಕೋಣೆಯ ಹಿರಿಯ ನರ್ಸು. ಕ್ಯಾಮೆರಾ ಇರುವ ಕಪ್ಪು ಪೈಪನ್ನು ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿ ಡಾಕ್ಟರು ಒಳಗೆ ನೋಡುತ್ತಿರುವಾಗ, ಇವಳು ಮಲಗಿದವರ ತಲೆಯ ಬಳಿ ನಿಂತು, ಒಂದು ಕೈಯಲ್ಲಿ ಅವರ ಗಲ್ಲ, ಇನ್ನೊಂದರಲ್ಲಿ ಅವರ ಕೈ ಹಿಡಿದುಕೊಂಡು, ಮುಗಿಯುವವರೆಗೂ ಮಾತಾಡುತ್ತಿರಬೇಕು. ಪೈಪು ಬಾಯಲ್ಲಿರುವವರು ತಿರುಗಿ ಮಾತಾಡುವಂತಿಲ್ಲ. ಆದ್ದರಿಂದ ಮಾತೆಲ್ಲ ಅವಳದೇ.

ಮದುವೆಯಾಗಿ ಬಹಳ ವರ್ಷ ನನಗೆ ಇದರ ಬಗ್ಗೆ ಏನೂ ಅನ್ನಿಸಿರಲಿಲ್ಲ. ನಾನು ಮೈಸೂರಿನ ಕಡೆಯವನು, ಪವಾಯಿಯ ಒಂದು ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನು. ಅವಳು ಉಡುಪಿಯ ಕಡೆಯವಳು. ಗೋರೆಗಾಂವ್‌ನ ನಮ್ಮ ಮನೆಯಲ್ಲಿ ಇಬ್ಬರದೂ ಬೇರೆ ಬೇರೆ ಕನ್ನಡ, ಒಂದೇ ಕುಕ್ಕರು. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಭಾನುವಾರ, ಸಾಂತಾಕ್ರೂಜ್ ಸ್ಟೇಷನ್ನಿನ ಹೊರಗೆ.

ಹೋಟೆಲ್ ನಡೆಸುವ ಒಬ್ಬ ದಪ್ಪನೆಯ ಯಜಮಾನರು ಅವಳನ್ನು ಕಂಡು ರಸ್ತೆ ದಾಟಿ ಬಂದರು. ಇಬ್ಬರೂ ತುಳುವಿನಲ್ಲಿ ಮಾತಾಡತೊಡಗಿದರು. ನನಗೆ ತುಳು ಬಾರದು. ಅವರು ನಗುತ್ತಾ ತಮ್ಮ ಗಂಟಲು ಮುಟ್ಟಿ ತೋರಿಸಿದರು, ಇವಳೂ ನಕ್ಕಳು. ಅಷ್ಟು ಹಲ್ಲು ಕಾಣುವಂತೆ ನನ್ನೆದುರು ಅವಳು ನಕ್ಕು ಎಷ್ಟು ದಿನವಾಗಿತ್ತೋ. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ನಿಮ್ಮ ಮಿಸೆಸ್ ಇಲ್ಲದಿದ್ರೆ ನಾನು ಆ ಪೈಪ್ ಎಳೆದು ಬಿಸಾಡಿ ಓಡಿ ಹೋಗ್ತಿದ್ದೆ. ಎಂತ ಸಮಾಧಾನ ಮಾರಾಯ್ರೇ ಅವರ ಮಾತಿನಲ್ಲಿ. ನೀವು ಪುಣ್ಯ ಮಾಡಿದ್ದೀರಿ."

ನಾನು ಹಲ್ಲು ಕಿರಿದೆ. ಪುಣ್ಯ ಮಾಡಿದವನು ನಾನು, ಅದರ ಫಲ ಉಣ್ಣುವವರು ಇವರು.

ಯಾಕೆಂದರೆ ಆ ಸಮಾಧಾನ ಮನೆಗೆ ಬರುತ್ತಿರಲಿಲ್ಲ. ಸಂಜೆ ಅವಳು ಚಪ್ಪಲಿ ಬಿಟ್ಟು, ಬ್ಯಾಗು ಕುರ್ಚಿಗೆ ನೇತುಹಾಕಿ, ಸೋಫಾದಲ್ಲಿ ಕಾಲು ಚಾಚಿದರೆ ಮುಗಿಯಿತು. ಏನು ಕೇಳಿದರೂ ಹೂಂ, ಉಹುಂ. ಒಮ್ಮೆ ಕೆಣಕಿದೆ.

"ಹೇಳಿ ಹೇಳಿ ಬಾಯಿ ನೋಯ್ತದೆ ಮಾರಾಯ್ರೇ. ಸ್ವಲ್ಪ ಹೊತ್ತು ಸುಮ್ಮನೆ ಇರ್ತೇನೆ," ಎಂದಳು.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಮ್ಮಮ್ಮ ಯಾರನ್ನೋ ಬೈಯುತ್ತಿದ್ದದ್ದು ನೆನಪಾಯಿತು. ಹೇಳಲಿಲ್ಲ. ಹೇಳಿದ್ದರೆ ಆ ರಾತ್ರಿ ನನಗೆ ಅನ್ನವೂ ಇರುತ್ತಿರಲಿಲ್ಲ.

ಆಮೇಲೊಂದು ದಿನ ಅವಳನ್ನು ಕರೆತರಲು ಆಸ್ಪತ್ರೆಗೆ ಹೋದವನು ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಪರದೆಯ ಆಚೆಯಿಂದ ಅವಳ ದನಿ ಕೇಳಿಸಿತು. ಯಾರೋ ಮುದುಕಿಗೆ ಹೇಳುತ್ತಿದ್ದಳು, ಹಿಂದಿಯಲ್ಲಿ, ಸಾವಕಾಶವಾಗಿ: ಮೂಗಿನಿಂದ ಉಸಿರು ತಗೊಳ್ಳಿ, ಈಗ ಒಂದು ಸಲ ನುಂಗಿ, ಅಷ್ಟೇ, ಆಯಿತು, ಎಷ್ಟು ಜಾಣೆ ನೀವು, ಜೊಲ್ಲು ಸುರಿದರೆ ಸುರಿಯಲಿ, ನಾನಿದ್ದೇನಲ್ಲ. ಜೊಲ್ಲು ಸುರಿಸಿದವರಿಗೂ ಶಾಬಾಶ್‌ಗಿರಿ. ನಾನು ಟೊಮೇಟೊ ಸಾರು ಮಾಡಿಟ್ಟ ದಿನ ಅವಳು ಹೇಳಿದ್ದು, ಉಪ್ಪು ಕಮ್ಮಿ. ಆ ಮುದುಕಿಯ ಮುಖವನ್ನು ನಾನು ನೋಡಲೇ ಇಲ್ಲ, ಆದರೂ ಅವಳ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಇಷ್ಟರಲ್ಲಿ ನನ್ನ ಹೊಟ್ಟೆಯೂ ನಿಜವಾಗಿ ಉರಿಯತೊಡಗಿತು. ಹೊಟ್ಟೆಕಿಚ್ಚಿಗೆ ಹೊಟ್ಟೆ ಉರಿಯುತ್ತದೆ ಎಂಬುದು ಮಾತಿಗೆ ಹೇಳುವುದು ಎಂದುಕೊಂಡಿದ್ದೆ. ಇದು ಹಾಗಲ್ಲ. ಹಸಿದರೆ ಎದೆಗೂಡಿನ ಕೆಳಗೆ ಕೆಂಡ ಇಟ್ಟ ಹಾಗೆ. ಏನಾದರೂ ತಿಂದರೆ ತುಸು ಶಾಂತಿ, ಮತ್ತೆ ಅದೇ. ಊಟ ರುಚಿಸುತ್ತಿರಲಿಲ್ಲ. ನಾನು ಯಾರಿಗೂ ಹೇಳದೆ ಮಜ್ಜಿಗೆ ಕುಡಿದು ದಿನ ದೂಡುತ್ತಿದ್ದೆ. ಒಂದು ಬೆಳಿಗ್ಗೆ ನಾನು ಕಚೇರಿಗೆ ಹೊರಟು ನಿಂತಾಗ ಅವಳು ನನ್ನ ಸೊಂಟವನ್ನೇ ನೋಡಿದಳು.

"ಬೆಲ್ಟಿಗೆ ಹೊಸ ತೂತು ಯಾವಾಗ ಹಾಕಿದ್ದು?"

"ಮೊನ್ನೆ. ಯಾಕೆ?"

"ಎಂತ ಇಲ್ಲ," ಎಂದು ಒಳಗೆ ಹೋದಳು. ಆ ಸಂಜೆ ಬಂದವಳೇ, ನಿಮಗೆ ಎಂಡೋಸ್ಕೋಪಿ ಮಾಡಿಸಬೇಕು, ನಮ್ಮ ಡಾಕ್ಟರಿಗೆ ಹೇಳಿದ್ದೇನೆ, ಎಂದಳು. ಅಷ್ಟೇ. ಅಲ್ಲಿಂದಾಚೆಗೆ ಹೂಂ, ಉಹುಂ ಕೂಡ ಕಮ್ಮಿಯಾಯಿತು.

ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ರೋಗದ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಇನ್ನು ಆ ಮಂಚದ ಮೇಲೆ ಮಲಗುವವನು ನಾನು, ಅವಳು ಹಿಡಿಯುವ ಕೈ ನನ್ನದು, ಆ ದನಿಯಲ್ಲಿ ಜಾಣ ಎನ್ನಿಸಿಕೊಳ್ಳುವವನೂ ನಾನು. ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟರೆ ಏನೂ ನೆನಪಿರುವುದಿಲ್ಲ ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ನೆನಪಿರದಿದ್ದರೆ ಹೋಗಿ ಏನು ಪ್ರಯೋಜನ?

"ನಂಗೆ ಇಂಜೆಕ್ಷನ್ ಬೇಡ. ಗಂಟಲಿಗೆ ಸ್ಪ್ರೇ ಹೊಡೆದು ಮಾಡ್ತಾರಂತಲ್ಲ, ಅದೇ ಸಾಕು," ಎಂದೆ.

"ಓಕರಿಕೆ ಬರ್ತದೆ. ಇಂಜೆಕ್ಷನ್ ತಗೊಳ್ಳಿ, ಗೊತ್ತೇ ಆಗುದಿಲ್ಲ."

"ನಾನು ಎಚ್ಚರವಾಗಿರಬೇಕು."

ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಹಿಂದಿನ ದಿನ ಸಂಜೆ ಒಗ್ಗರಣೆ ಹಾಕುತ್ತಾ, ನನಗೆ ಬೆನ್ನು ಮಾಡಿಕೊಂಡೇ, "ನಾಳೆ ಬೆಳಿಗ್ಗೆ ಉಪವಾಸ, ನೆನಪಿರಲಿ," ಎಂದಳು.

ಮಾರನೆಯ ದಿನ ಅವಳು ಎಂದಿನಂತೆ ಮೊದಲ ಪಾಳಿಗೆ ಹೋದಳು. ನಾನು ಸ್ನಾನ ಮಾಡಿ, ಒಂದು ಬಟ್ಟಲು ಮೊಸರವಲಕ್ಕಿ ತಿಂದು, ಕಾಫಿ ಕುಡಿದು ಲೋಕಲ್ ಹತ್ತಿದೆ. ನಗಬೇಡಿ. ನಮ್ಮ ಮನೆಯಲ್ಲಿ ಉಪವಾಸವೆಂದರೆ ಅನ್ನ ಇಲ್ಲ ಎಂದು ಅರ್ಥ, ಅಷ್ಟೇ. ಅನ್ನ ಮುಸುರೆ, ಉಪವಾಸಕ್ಕೆ ಸಲ್ಲದು. ಅವಲಕ್ಕಿ, ಉಪ್ಪಿಟ್ಟು, ಹಾಲು, ಹಣ್ಣು ಇವೆಲ್ಲ ಫಲಾರ. ಶನಿವಾರದ ಉಪವಾಸದಲ್ಲಿ ನಮ್ಮಪ್ಪ ತಿನ್ನುತ್ತಿದ್ದ ಉಪ್ಪಿಟ್ಟಿನ ಗುಡ್ಡೆಯನ್ನು ನೋಡಿದ್ದರೆ ನೀವೂ ಪ್ರತಿ ವಾರ ಉಪವಾಸ ಹಿಡಿಯುತ್ತಿದ್ದಿರಿ.

ಆಸ್ಪತ್ರೆಯಲ್ಲಿ ನನ್ನನ್ನು ಮೊದಲು ಕರೆದು ಕೂರಿಸಿದವಳು ನನ್ನ ಹೆಂಡತಿಯ ಕೈಕೆಳಗಿನ ನರ್ಸು, ಸೊಲ್ಲಾಪುರದ ಕಡೆಯ ಕನ್ನಡದ ಹುಡುಗಿ. ನನ್ನ ಹೆಂಡತಿಯನ್ನು ಅಕ್ಕಾ ಎನ್ನುತ್ತಾಳೆ, ಅದಕ್ಕೆ ನಾನು ಜೀಜಾಜಿ.

"ಬರ್ರಿ ಜೀಜಾಜಿ, ಕೂಡ್ರಿ. ಮುಂಜಾನೆ ಎದ್ದ ಮ್ಯಾಲ ಬಾಯಾಗ ಏನೇನು ಹಾಕ್ಕೊಂಡೀರಿ?"

"ಏನೂ ಇಲ್ಲಮ್ಮ, ಉಪವಾಸ. ಬರೀ ಮೊಸರವಲಕ್ಕಿ, ಕಾಫಿ."

ಅವಳು ನಗಲು ಹೋಗಿ ತಡೆದುಕೊಂಡಳು. ಹೊಟ್ಟೆಯಲ್ಲಿ ಅನ್ನವಿರಲಿ ಅವಲಕ್ಕಿಯಿರಲಿ, ಪೈಪು ಇಳಿಸುವಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ, ಇವತ್ತು ಮಾಡುವಂತಿಲ್ಲ ಎಂದು ಬಿಡಿಸಿ ಹೇಳಿದಳು.

"ಉಪವಾಸ ಅಂತ ನಿಮಗ ಯಾರ್ ಹೇಳ್ಯಾರ್ರಿ?"

"ನಿಮ್ಮ ಅಕ್ಕನೇ."

"ಅಕ್ಕ? ಸಾಧ್ಯನೇ ಇಲ್ಲರಿ. ಆ ಶಬ್ದ ಪೇಶಂಟ್ ಮುಂದ ಆಡಬ್ಯಾಡ್ರಿ ಅಂತ ನಮ್ಮನ್ನೆಲ್ಲಾ ಬೈದವರೇ ಅವರು. ಉಪವಾಸ ಅಂದ್ರ ಇಲ್ಲಿ ಮಂದಿ ಸಾಬೂದಾಣಾ ಖಿಚಡಿ ತಿಂದು ಬರ್ತಾರ. ಗುಟುಕು ನೀರು ಸುದ್ದಾ ನುಂಗಬ್ಯಾಡ್ರಿ ಅಂತ ಹೇಳಿ, ಅವರ ಬಾಯಿಂದ ಒಮ್ಮೆ ಹೇಳಿಸಬೇಕು. ಹಂಗ ಕಲಿಸ್ಯಾರ ಅಕ್ಕ ನಮಗ."

ಆಗ ನನಗೆ ಹತ್ತಿದ ಉರಿ ಅವಲಕ್ಕಿಯಿಂದ ಶಾಂತವಾಗುವಂಥದ್ದಲ್ಲ. ಸಾಂತಾಕ್ರೂಜ್‌ನ ಯಾವನೋ ದಾರಿಹೋಕನಿಗೆ ಗುಟುಕು ನೀರಿನವರೆಗೂ ಬಿಡಿಸಿ ಹೇಳಿ, ತಿರುಗಿ ಒಪ್ಪಿಸಿಕೊಳ್ಳುತ್ತಾಳೆ. ಗಂಡನಿಗೆ ಬೆನ್ನು ಮಾಡಿಕೊಂಡು ಒಂದೇ ಮಾತು. ಅದೂ, ಯಾರಿಗೂ ಹೇಳಬಾರದೆಂದು ತಾನೇ ಕಟ್ಟುಮಾಡಿದ ಮಾತು.

ಸುದ್ದಿ ಕೇಳಿ ಅವಳು ಹೊರಗೆ ಬಂದಳು. ಎಲ್ಲರೆದುರು ಬೈಯುತ್ತಾಳೆ, ನಾನೂ ಸರಿಯಾಗಿ ತಿರುಗಿಸಿ ಕೊಡುತ್ತೇನೆ ಎಂದು ಕಾದಿದ್ದೆ. ಅವಳು ಬೈಯಲಿಲ್ಲ. "ಅವಲಕ್ಕಿ ತಿಂದ್ರಾ?" ಎಂದು ಕೇಳಿ, ರೋಗಿಗಳು ಕೂರುವ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತುಬಿಟ್ಟಳು.

ಅವಳ ಪಾಳಿ ಮುಗಿದು ಮನೆಗೆ ಹೋಗುವಾಗ ಸ್ಟೇಷನ್ನಿನಲ್ಲಿ ನಾನೇ ಶುರುಮಾಡಿದೆ. "ಊರವರಿಗೆಲ್ಲ ಬಿಡಿಸಿ ಬಿಡಿಸಿ ಹೇಳ್ತೀಯಂತೆ. ನಂಗೆ ಮಾತ್ರ ಒಂದು ಮಾತು ಸಾಕಾ?"

"ತಪ್ಪಾಯ್ತು ಮಾರಾಯ್ರೇ," ಎಂದಳು.

ಮದುವೆಯಾದಂದಿನಿಂದ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಗೆದ್ದೆ ಎಂದುಕೊಂಡೆ. ನಾನು ಜನರಲ್ ಡಬ್ಬಿಗೂ ಅವಳು ಹೆಂಗಸರ ಡಬ್ಬಿಗೂ ಹತ್ತಿದೆವು.

ಮುಂದಿನ ವಾರ ನೀರೂ ಮುಟ್ಟದೆ ಹೋದೆ. ಹಿಂದಿನ ರಾತ್ರಿ ಅವಳು ಎಲ್ಲವನ್ನೂ ಹೇಳಿ ನನ್ನ ಬಾಯಿಂದ ಒಪ್ಪಿಸಿಕೊಂಡಿದ್ದಳು, ದನಿ ಮಾತ್ರ ಮನೆಯದೇ. ಹುಡುಗಿ ಗಂಟಲಿಗೆ ಸ್ಪ್ರೇ ಹೊಡೆದಳು. ಕಹಿ, ಆಮೇಲೆ ಗಂಟಲೇ ಇಲ್ಲದ ಹಾಗೆ. ಎಡಮಗ್ಗುಲಾಗಿ ಮಲಗಿಸಿದರು, ಕಚ್ಚಿಕೊಳ್ಳಲು ಪ್ಲಾಸ್ಟಿಕ್ಕಿನ ಬಳೆಯಂಥದ್ದೊಂದನ್ನು ಬಾಯಿಗೆ ಇಟ್ಟರು. ನಾನು ತಲೆಯ ಬಳಿ ಅವಳು ಬರುವುದನ್ನೇ ಕಾಯುತ್ತಿದ್ದೆ. ಬಂದು ನಿಂತದ್ದು ಸೊಲ್ಲಾಪುರದ ಹುಡುಗಿ. ರೋಗಿ ಮನೆಯವರೇ ಆಗಿದ್ದರೆ ಸ್ವಂತದವರು ಕೈಹಾಕುವಂತಿಲ್ಲ, ಅದು ಇಲ್ಲಿಯ ಪದ್ಧತಿ, ಅಕ್ಕ ಬಾಗಿಲ ಪರದೆಯ ಹತ್ತಿರ ನಿಂತಿದ್ದಾರೆ ಎಂದಳು.

ಕಣ್ಣಲ್ಲಿ ನೀರು ಬಂತು. ಸ್ಪ್ರೇಯಿಂದ ಎಂದು ಅವರೆಲ್ಲ ತಿಳಿದಿರಬೇಕು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇಲ್ಲಿ ಹಿತ್ತಲ ಗಿಡದ ಮದ್ದು ಊರಿಗೆಲ್ಲ ಇದೆ, ಹಿತ್ತಲಿನ ಯಜಮಾನನಿಗೆ ಇಲ್ಲ.

ಪೈಪು ಒಳಗೆ ಬಂತು. ಹುಡುಗಿ ಒಳ್ಳೆಯ ಮಾತನ್ನೇ ಹೇಳುತ್ತಿದ್ದಳು, ನುಂಗ್ರಿ, ಮೂಗಿನಾಗ ಉಸಿರು ತಗೋರಿ, ಎಂದು. ನನಗೆ ಆ ಮಾತು ಆ ದನಿಯಲ್ಲಿ ಬೇಕಿರಲಿಲ್ಲ. ಒಂದು ಓಕರಿಕೆ ಬಂತು, ಅದರ ಹಿಂದೆ ಇನ್ನೊಂದು. ಉಸಿರೇ ನಿಂತಿತು ಅನ್ನಿಸಿ ಎರಡೂ ಕೈಯಿಂದ ಪೈಪನ್ನು ಹಿಡಿದೆ. ಡಾಕ್ಟರು ಪದ್ಧತಿಯನ್ನೆಲ್ಲ ಬಿಟ್ಟು, "ಸಿಸ್ಟರ್, ಆಪ್ ಆಯಿಯೇ," ಎಂದು ಕೂಗಿದರು.

ಅವಳು ಬಂದಳು. ನನ್ನ ಬೆರಳುಗಳನ್ನು ಪೈಪಿನಿಂದ ಬಿಡಿಸಿದಳು. ಇನ್ನೇನು ಜಾಣ ಎನ್ನುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

"ಕೈ ತೆಗೀರಿ. ಎಂತ ಇದು, ಸಣ್ಣ ಮಕ್ಕಳ ಹಾಗೆ," ಎಂದಳು. ಅಡುಗೆಮನೆಯಿಂದ ಗ್ಯಾಸ್ ಆರಿಸಿ ಎನ್ನುವ ದನಿ.

ಆದರೆ ಕೈ ಹಿಡಿದಳು. ಹಿಡಿದ ಆ ಕೈ ತಣ್ಣಗಿತ್ತು.  ಓಕರಿಸುತ್ತಿರುವವನು ನಾನು, ಕೈ ತಣ್ಣಗಾದದ್ದು ಅವಳದು. ನಾನು ಕಣ್ಣು ಬಿಟ್ಟು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಡಾಕ್ಟರ ಎದುರಿನ ಟೀವಿ ಪರದೆಯ ಮೇಲೆ ನನ್ನ ಹೊಟ್ಟೆಯ ಒಳಗು ಕೆಂಪಗೆ ಸರಿದುಹೋಗುತ್ತಿತ್ತು, ಅವಳು ಅದನ್ನೇ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಪೈಪು ಒಂದೊಂದು ತಿರುವು ತಿರುಗಿದಾಗಲೂ ಅವಳ ಹಿಡಿತ ಬಿಗಿಯಾಗುತ್ತಿತ್ತು. ದಿನವೂ ಆ ಪರದೆ ನೋಡುವವಳು. ಬೆಲ್ಟಿನ ತೂತು ಹೆಚ್ಚಾದವರ ಹೊಟ್ಟೆಯಲ್ಲಿ ಏನೇನು ಇರಬಹುದು ಎಂಬುದು ಅವಳಿಗೆ ಗೊತ್ತು. ಇಷ್ಟು ವಾರವೂ ಅವಳು ಇದನ್ನೇ ನೋಡುತ್ತಿದ್ದಳು, ಬೆನ್ನು ಮಾಡಿಕೊಂಡು ಒಗ್ಗರಣೆ ಹಾಕುವಾಗಲೂ. ತಾನೇ ಬೇಡವೆಂದಿದ್ದ ಉಪವಾಸದ ಮಾತು ಅವಳ ಬಾಯಿಗೆ ಬಂದದ್ದು ಯಾಕೆ ಎಂದು ನನಗೆ ಆಗ, ಬಾಯಲ್ಲಿ ಪೈಪು ಇರುವಾಗ, ತಿಳಿಯಿತು. ಹೇಳೋಣವೆಂದರೆ ಮಾತಾಡುವಂತಿರಲಿಲ್ಲ.

"ಅಲ್ಸರ್ ಹೈ. ಬಸ್, ಔರ್ ಕುಛ್ ನಹೀಂ," ಎಂದರು ಡಾಕ್ಟರು. ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನಲ್ಲಿ ಒಂದು ಹುಣ್ಣು, ಮಾತ್ರೆ ತೆಗೆದುಕೊಂಡರೆ ವಾಸಿಯಾಗುವಂಥದ್ದು, ಬೇರೇನೂ ಇಲ್ಲ.

ಅವಳು ತಕ್ಷಣ ಕೈ ಬಿಟ್ಟು ಹೊರಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯುವುದು ಕೇಳಿಸಿತು.

ನನ್ನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಗಂಟಲಿನ ಜೋಮು ಇಳಿಯುವವರೆಗೆ ನೀರು ಕುಡಿಯುವಂತಿಲ್ಲ. ಗೋಡೆಯ ಆಚೆ ಮುಂದಿನ ರೋಗಿಯ ಸರದಿ. ಅವಳು ಮತ್ತೆ ತನ್ನ ಜಾಗಕ್ಕೆ ಬಂದಿದ್ದಳು. "ಘಾಬರೂ ನಕಾ, ಕಾಕಾ," ಹೆದರಬೇಡಿ ಎನ್ನುತ್ತಿದ್ದಳು ಮರಾಠಿಯಲ್ಲಿ, ಅದೇ ಸಾವಕಾಶದ ದನಿಯಲ್ಲಿ. ಶಾಬಾಶ್ ಎಂದಳು. ಎಲ್ಲ ತಿಳಿದ ಮೇಲೂ ನನ್ನ ಹೊಟ್ಟೆ ಉರಿಯಿತು. ಹುಣ್ಣಿನದು ಎಷ್ಟು ಪಾಲು, ಕಾಕಾನದು ಎಷ್ಟು, ಯಾವ ಕ್ಯಾಮೆರಾ ಹೇಳುತ್ತದೆ?

ಸ್ವಲ್ಪ ಹೊತ್ತಿಗೆ ಕಾಕಾನನ್ನು ತಂದು ನನ್ನ ಪಕ್ಕದ ಮಂಚದ ಮೇಲೆ ಮಲಗಿಸಿದರು. ಅವರೂ ಬರೀ ಸ್ಪ್ರೇಯಲ್ಲೇ ಮಾಡಿಸಿಕೊಂಡವರು. ನನ್ನ ಕಡೆ ಹೊರಳಿ, ತೊದಲುವ ನಾಲಿಗೆಯಲ್ಲಿ ಹಿಂದಿಯಲ್ಲಿ, ಆ ಸಿಸ್ಟರ್ ಕೈ ಹಿಡಿದರೆ ಏನೂ ಗೊತ್ತಾಗುವುದೇ ಇಲ್ಲ, ಹೂವಿನಂಥ ಕೈ, ಎಂದರು.

ನಾನು ನನ್ನ ಅಂಗೈ ಬಿಡಿಸಿ ನೋಡಿಕೊಂಡೆ. ಅವಳು ಉಗುರು ಬೆಳೆಸುವವಳಲ್ಲ, ಅವಳ ಕೆಲಸದಲ್ಲಿ ಅದು ಸಲ್ಲದು. ಆದರೂ ನಾಲ್ಕು ಉಗುರಿನ ಗುರುತುಗಳು ಕೆಂಪಗೆ, ಆಳವಾಗಿ ಕೂತಿದ್ದವು. ಮಂಚದ ಅಂಚಿನಲ್ಲಿ ಕಾಕಾನ ಕೈ ಅಂಗಾತ ಇತ್ತು. ಕತ್ತು ಎತ್ತಿ ಚೆನ್ನಾಗಿ ನೋಡಿದೆ. ಅದರ ಮೇಲೆ ಏನೂ ಇರಲಿಲ್ಲ.